ಗ್ವೇಜು ಅಕ್ಕ ಕೇಳಿದ ಬಣ್ಣ

ಮುಖವನ್ನು ಮಂಚದ ಆ ತೂತಿನೊಳಗೆ ಇಟ್ಟು ಬೋರಲು ಮಲಗಿ. ಹಾಂ, ಹಾಗೆ. ಭುಜ ಬಿಡಿ... ಇನ್ನೂ ಬಿಡಿ. ನಿಮ್ಮ ಭುಜ ಒಣ ಸೌದೆ ಆಗಿಹೋಗಿದೆ. ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಮುಂದೆ ಕೂತರೆ ಇನ್ನೇನಾಗುತ್ತದೆ.

ಕತೆ ಹೇಳು ಅಂದಿರಲ್ಲ. ಏಳನೇ ತಿಂಗಳಲ್ಲಿ ಹೊತ್ತು ಮುಳುಗಿದ ಮೇಲೆ ಇಂಥದ್ದನ್ನು ಹೇಳಬಾರದು ಅನ್ನುತ್ತಾರೆ. ಹೇಳಿದರೆ ಕೇಳುವುದಕ್ಕೆ ಸತ್ತವರೂ ಬಂದು ಕೂರುತ್ತಾರಂತೆ. ಬರಲಿ ಬಿಡಿ. ಅಂಗಡಿಯಲ್ಲಿ ಇನ್ನೆರಡು ಮಂಚ ಖಾಲಿ ಇವೆ.

ಇದು ಯಾರ ಬಾಯಿಂದಲೋ ಬಂದದ್ದಲ್ಲ. ನನ್ನ ಚಿಕ್ಕಪ್ಪನ ಮಗಳು ಪೇಯುನ್‌ಗೆ ಆದದ್ದು. ಇದೇ ಮಂಚದ ಮೇಲೆ ಕೂತು, ನನ್ನ ಮಣಿಕಟ್ಟು ಹಿಡಿದುಕೊಂಡು ಅವಳೇ ಹೇಳಿದ್ದು. ಅವಳೂ ನನ್ನ ಹಾಗೆ ಹುಟ್ಟುಕುರುಡಿ. ನಮ್ಮ ಮನೆತನಕ್ಕೆ ಅಜ್ಜ ಬಿಟ್ಟುಹೋದ ಆಸ್ತಿ ಅದೊಂದೇ. ನಾನು ಮೈ ಒತ್ತುವುದನ್ನು ಕಲಿತೆ. ಅವಳಿಗೆ ಕಂಡವರ ಬೆವರು ಮುಟ್ಟುವುದೆಂದರೆ ಹೇಸಿಗೆ, ಫೋನಿನ ಕೆಲಸ ಹಿಡಿದಳು. ಇದೇ ತೈನಾನ್ ಊರಿನ ಒಂದು ಆಸ್ಪತ್ರೆಯ ಟೆಲಿಫೋನ್ ಕೋಣೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ನಾಳೆ ನೀವೇ ಅಲ್ಲಿಗೆ ಫೋನ್ ಮಾಡಬೇಕಾದೀತು.

ಹೋದ ವರ್ಷ, ಆರನೇ ತಿಂಗಳು ಮುಗಿಯುತ್ತಾ ಬಂದಿತ್ತು. ರಾತ್ರಿ. ಕಡೆಯ ಬಸ್ಸು ಇಳಿದು ಇಬ್ಬರು ಹೆಂಗಸರು ಗಲ್ಲಿಯೊಳಗೆ ನಡೆದು ಬರುತ್ತಿದ್ದರು. ಒಬ್ಬಳು ಪೇಯುನ್. ಇನ್ನೊಬ್ಬಳು ಅವಳ ಪಕ್ಕದ ಕುರ್ಚಿಯ ಗ್ವೇಜು ಅಕ್ಕ, ಅರವತ್ತರ ಹತ್ತಿರದ ವಯಸ್ಸು, ಅವಳಿಗೂ ಕಣ್ಣಿಲ್ಲ. ಇಬ್ಬರಿಗೂ ಒಂದೇ ಕೋಣೆ, ಒಂದೇ ಬಸ್ಸು, ಒಂದೇ ಗಲ್ಲಿ. ಎರಡು ಕೋಲುಗಳ ಸದ್ದು... ಟಿಕ್... ಟಿಕ್... ಟಿಕ್...

ಗಲ್ಲಿಯ ತಿರುವಿನಲ್ಲಿ ಆಲದ ಮರ ಇದೆ. ಅದರ ಕೆಳಗೆ ಕಾಲಿಟ್ಟರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಗಾಳಿ ತಣ್ಣಗಾಗುತ್ತದೆ, ಬಿಳಲು ಕೆನ್ನೆಗೆ ಸವರುತ್ತದೆ. ಮರದ ಪಕ್ಕ ಹಳೇ ಬಾವಿ. ಅದರ ಬಾಯಿಗೆ ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದರು.

ಅಲ್ಲಿಗೆ ಬಂದಾಗ ಗ್ವೇಜು ಅಕ್ಕನ ಕೋಲು ನಿಂತಿತು.

"ಪೇಯುನ್..."

"ಹೇಳಿ ಅಕ್ಕ."

"ನನ್ನ ಮಿಷನ್‌ಗೆ ನೀನೇನೂ ಮಾಡಿಲ್ಲ ತಾನೆ?"

"ನಾನಾ? ನಾನೇನ್ ಮಾಡ್ಲಿ."

"ಸುಮ್ನೆ ಕೇಳ್ದೆ... ಪೊಟ್ಟಣ ಕೂಡ ಇಟ್ಟಿದ್ದೆ. ಹಸಿರೇ ಕೊಡಪ್ಪಾ ಅಂತ ಹೇಳಿ ಹೇಳಿ ತಂದಿದ್ದೆ."

ಪೊಟ್ಟಣ ಅಂದರೆ ಯಾವುದು ಅಂತ ನಿಮಗೆ ನಾನು ಹೇಳಬೇಕೇ? ನಿಮ್ಮ ಆಫೀಸಿನ ಕಂಪ್ಯೂಟರ್ ಮಿಷನ್ ಮೇಲೂ ಒಂದು ಕೂತಿರುತ್ತದೆ. ಅದೇ, ಜೋಳದ ಕುರುಕಲು. 'ಜಾಣಮರಿ' ಅಂತಲೇ ಅದರ ಹೆಸರಿನ ಅರ್ಥ. ಹಸಿರು ಪೊಟ್ಟಣ ಇಟ್ಟರೆ ಮಿಷನ್ ಜಾಣಮರಿಯ ಹಾಗೆ ಹೇಳಿದ ಮಾತು ಕೇಳುತ್ತದೆ. ಹಳದಿ ಇಟ್ಟರೆ ಮುಗಿಯಿತು, ಓಡುತ್ತಿರುವುದೂ ನಿಲ್ಲುತ್ತದೆ. ಡಾಕ್ಟರುಗಳು, ಇಂಜಿನಿಯರುಗಳು ಎಲ್ಲರೂ ನಗುನಗುತ್ತಲೇ ಇಡುತ್ತಾರೆ. ನಕ್ಕರೂ ಯಾರೂ ಹಳದಿ ಇಡುವುದಿಲ್ಲ.

ಪೇಯುನ್ ಏನಂದಳು ಗೊತ್ತೇ?

"ಅಂಗಡಿಯವನು ಹಳದಿ ಕೊಟ್ಟಿರ್ತಾನೆ ಬಿಡಿ ಅಕ್ಕ. ನಿಮಗೇನು ಗೊತ್ತಾಗುತ್ತಾ?"

ಗ್ವೇಜು ಅಕ್ಕನ ಕೋಲು ಬಾವಿಯ ತಗಡಿಗೆ ತಾಗಿತು.

"ಹಳದಿನಾ..."

"ಇರಬೇಕು."

"ಯಾರನ್ನಾದ್ರೂ ಕೇಳ್ಬೇಕಿತ್ತು ನಾನು. ಕಣ್ಣಿರೋರನ್ನ."

"ಈಗ ಕೇಳಿ ಏನ್ಮಾಡ್ತೀರ. ಆಗಿದ್ದು ಆಯ್ತಲ್ಲ."

"ಹೌದು... ನೀನು ಹೋಗು. ಮಗು ಕಾಯ್ತಿರುತ್ತೆ. ನಾನು ಇಲ್ಲೇ ಸ್ವಲ್ಪ ಕೂತು ಬರ್ತೀನಿ."

ಪೇಯುನ್ ಮುಂದೆ ನಡೆದಳು. ಹಿಂದಿನಿಂದ ಉಗುರಿನ ಸದ್ದು ಕೇಳಿಸಿತು, ತಗಡಿನ ಮೇಲೆ. ಟಕ್ ಟಕ್... ಟಕ್. ಅದು ಗ್ವೇಜು ಅಕ್ಕನ ಅಭ್ಯಾಸ. ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಎದುರಿಗಿದ್ದುದರ ಮೇಲೆ ಹಾಗೆ ಬಡಿಯುತ್ತಿದ್ದಳು. ಆಮೇಲೆ ಕಲ್ಲು ಉರುಳಿದ ಸದ್ದು. ಆಮೇಲೆ ತಗಡು... ಕರ್ರ್ರ್... ಅಂತ ನೆಲದ ಮೇಲೆ ಎಳೆದ ಸದ್ದು.

ಪೇಯುನ್‌ಗೆ ಕೇಳಿಸಿತು. ನಮ್ಮಂಥವರಿಗೆ ಕೇಳಿಸಲಿಲ್ಲ ಅನ್ನುವುದು ಇಲ್ಲವೇ ಇಲ್ಲ. ಅವಳು ನಿಲ್ಲಲಿಲ್ಲ, ತಿರುಗಲಿಲ್ಲ. ಕೋಲಿನ ಸದ್ದು ಮಾತ್ರ ಸ್ವಲ್ಪ ಜೋರು ಮಾಡಿಕೊಂಡು ಮನೆಗೆ ಹೋದಳು.

ಕತ್ತಲಲ್ಲಿ ಕುರುಡಿ ಕಾಲು ಜಾರಿ ಬಿದ್ದಳು ಅಂತ ಪೊಲೀಸರು ಬರೆದುಕೊಂಡರು. ಕತ್ತಲಂತೆ. ನಮಗೆ ಬೆಳಕು ಇದ್ದದ್ದಾದರೂ ಯಾವಾಗ? ಮದುವೆಯಾಗಿ ಬಂದಾಗಿನಿಂದ ಆ ಬಾವಿಯ ಪಕ್ಕದಲ್ಲೇ ನಡೆದವಳು ಬಾವಿಗೆ ಬೀಳುವುದಿಲ್ಲ... ಇಳಿಯುತ್ತಾಳೆ.

ನೋವಾಯಿತೇ? ಇಲ್ಲೊಂದು ಗಂಟಿದೆ. ಉಸಿರು ಬಿಡಿ.

ಪೇಯುನ್ ಮಾಡಿದ್ದೇನು ಅಂತ ಈಗ ಹೇಳುತ್ತೇನೆ. ಕಣ್ಣಿಲ್ಲದವರು ಕಂಪ್ಯೂಟರ್ ಹೇಗೆ ನಡೆಸುತ್ತಾರೆ ಅಂತ ಕಣ್ಣಿರುವವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಅದರೊಳಗೆ ಸ್ಕ್ರೀನ್ ರೀಡರ್ ಅಂತ ಒಂದಿರುತ್ತದೆ. ಪರದೆಯ ಮೇಲೆ ಇರುವುದನ್ನೆಲ್ಲ ಕಿವಿಗೆ ಓದಿ ಹೇಳುತ್ತದೆ. ನಮಗೆ ಮೌಸ್ ಬೇಡ. ಕೀಗಳೇ ನಮ್ಮ ಕೈಕಾಲು. ಈ ಕೀ ಒತ್ತಿದರೆ ಕರೆ ಎತ್ತಿಕೊಳ್ಳುತ್ತದೆ, ಆ ಕೀ ಒತ್ತಿದರೆ ವಾರ್ಡಿಗೆ ದಾಟಿಸುತ್ತದೆ, ಇನ್ನೊಂದು ಒತ್ತಿದರೆ ಮೈಕ್ ಬಿಚ್ಚುತ್ತದೆ. ಕಂಟ್ರೋಲ್ ಕೀ ಮುಟ್ಟಿದರೆ ರೀಡರ್ ಬಾಯಿ ಮುಚ್ಚುತ್ತದೆ. ಆ ಕೀಗಳು ಕೇಳದೆ ಹೋದರೆ... ರೀಡರ್ ತನ್ನ ಪಾಡಿಗೆ ವಟಗುಟ್ಟುತ್ತಲೇ ಇರುತ್ತದೆ, ನೀವು ಹೇಳಿದ್ದೊಂದೂ ಅದಕ್ಕೆ ಕೇಳಿಸುವುದಿಲ್ಲ.

ಆ ಕೋಣೆಯಲ್ಲಿ ಒಂದು ನಿಯಮ. ಕುರ್ಚಿ ಬಿಟ್ಟು ಏಳುವಾಗ ಮೈಕ್ ಮುಚ್ಚಿ, ಮಿಷನ್‌ಗೆ ಲಾಕ್ ಹಾಕಿಯೇ ಏಳಬೇಕು. ರೋಗಿಗಳ ವಿವರ ಇರುತ್ತದಲ್ಲ. ವಾಪಸ್ಸು ಬಂದು ಲಾಕ್ ತೆಗೆದು ಮೊದಲು ಮೈಕ್ ಬಿಚ್ಚಬೇಕು.

ಲಾಕ್ ಆಗಿರುವಾಗ ಮೂಲೆಯ ಒಂದು ಕೀಯನ್ನು ಒಂದು ರೀತಿಯಲ್ಲಿ ಒತ್ತಿ ಬಿಟ್ಟರೆ, ಬೆರಳು ತೆಗೆದ ಮೇಲೂ ಅದು ಒತ್ತಿಯೇ ಇದೆ ಅಂತ ಮಿಷನ್ ಅಂದುಕೊಳ್ಳುತ್ತದೆ. ಆಮೇಲೆ ಲಾಕ್ ತೆಗೆದವರಿಗೆ ರೀಡರ್ ದನಿ ಬರುತ್ತದೆ, ಲಾಕ್ ಹಾಕುವುದೊಂದು ಬಿಟ್ಟು ಶಾರ್ಟ್‌ಕಟ್ ಒಂದೂ ನಡೆಯುವುದಿಲ್ಲ. ಮತ್ತೆ ಲಾಕ್ ಹಾಕಿ ಅದೇ ಕೀಯನ್ನು ಅದೇ ರೀತಿ ಒತ್ತಿದರೆ ಸರಿಹೋಗುತ್ತದೆ. ಇದು ಪೇಯುನ್‌ಗೆ ಒಂದು ದಿನ ಕೈ ತಪ್ಪಿ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಮೇಲಿನವರು ಒಂದು ಸುದ್ದಿ ತಂದರು. ಇಬ್ಬರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳುತ್ತಾರೆ, ಆ ಒಬ್ಬರನ್ನು ಕಾಯಂ ಮಾಡುತ್ತಾರೆ. ಪೇಯುನ್‌ಗೆ ಆ ಕುರ್ಚಿ ಬೇಕೇ ಬೇಕಿತ್ತು. ಕುರ್ಚಿಯ ಆಸೆಗಲ್ಲ. ಅವಳಿಗೊಬ್ಬಳು ಮಗಳು, ಟಾಂಗ್‌ಟಾಂಗ್, ಆಗ ಏಳು ವರ್ಷ, ಒಳ್ಳೇ ಚುರುಕು ಕಣ್ಣಿನ ಹುಡುಗಿ. ಗಂಡ ಬಿಟ್ಟುಹೋದ ಮೇಲೆ ಅತ್ತೆ ಕೋರ್ಟಿಗೆ ಹೋಗಿದ್ದಳು. "ಕಣ್ಣಿಲ್ಲ, ಕಾಯಂ ಕೆಲಸ ಇಲ್ಲ, ಇವಳ ಕೈಲಿ ನನ್ನ ಮೊಮ್ಮಗಳು ಬೆಳೀಬೇಕಾ" ಅಂತ. ಕೆಲಸ ಹೋದರೆ ಮಗಳು ಹೋದಳು. ಅಷ್ಟೇ ಲೆಕ್ಕ.

ಹಾಗಾಗಿ ಗ್ವೇಜು ಅಕ್ಕ ಬಾತ್‌ರೂಮಿಗೆ ಎದ್ದಾಗಲೆಲ್ಲ ಪೇಯುನ್ ಕೈ ಚಾಚುತ್ತಿದ್ದಳು. ಟಪ್... ಒಂದೇ ಸದ್ದು. ಅಕ್ಕ ಬಂದು ಕೂತು, ಮೇಜಿನ ಮೇಲೆ ಟಕ್ ಟಕ್... ಟಕ್ ಬಡಿದು, ಲಾಕ್ ತೆಗೆಯುತ್ತಿದ್ದಳು. ಕರೆ ಬರುತ್ತಿತ್ತು. ಮೈಕ್ ಮುಚ್ಚಿಯೇ ಇರುತ್ತಿತ್ತು. ಆ ಕಡೆಯವರು "ಹಲೋ? ಹಲೋ? ಯಾರೂ ಇಲ್ವಾ?" ಅನ್ನುವುದು ಅಕ್ಕನಿಗೆ ಕೇಳಿಸುತ್ತಿತ್ತು. "ಇದ್ದೀನಿ, ಇದ್ದೀನಿ ಕಣಪ್ಪ" ಅಂತ ಅಕ್ಕ ಗೋಗರೆಯುತ್ತಿದ್ದಳು. ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಪೇಯುನ್ ತುಟಿ ಕಚ್ಚಿಕೊಂಡು ನಗುತ್ತಿದ್ದಳು. ಹೌದು, ನಗುತ್ತಿದ್ದಳು. ಅದನ್ನೂ ಅವಳೇ ಹೇಳಿದ್ದು.

ಮೇಲ್ವಿಚಾರಕ ಓಯಾಂಗ್ ಬರುತ್ತಿದ್ದ. ಕಣ್ಣಿರುವವನು. ಮೌಸ್ ಹಿಡಿದು ಎರಡು ಸಲ ಕ್ಲಿಕ್ ಮಾಡಿ, "ಮಿಷನ್ ಚೆನ್ನಾಗೇ ಇದೆಯಲ್ಲ, ಗ್ವೇಜು ಅಕ್ಕ" ಅನ್ನುತ್ತಿದ್ದ. ಅವನಿಗೆ ಅದು ಚೆನ್ನಾಗಿಯೇ ಇತ್ತು. ಮೌಸಿಗೆ ಏನೂ ಆಗಿರಲಿಲ್ಲ.

ಅಕ್ಕ ಆ ಮಿಷನ್‌ನ ತಲೆ ಸವರುತ್ತಿದ್ದಳು. "ಜಾಣಮರಿ, ಮಾತು ಕೇಳು. ನನ್ನ ಮರ್ಯಾದೆ ಕಳೀಬೇಡ" ಅನ್ನುತ್ತಿದ್ದಳು. ಪೊಟ್ಟಣ ತಂದಿಟ್ಟಳು. ಕೊನೆಗೆ, ವಯಸ್ಸಾಯಿತು, ಕೈ ನಡೆಯುವುದಿಲ್ಲ ಅಂತ ಅವಳನ್ನೇ ತೆಗೆದರು. ಆ ದಿನದ ರಾತ್ರಿಯೇ ಆಲದ ಮರದ ಕೆಳಗೆ ಅವರಿಬ್ಬರ ಮಾತು ನಡೆದದ್ದು.

ಪೊಟ್ಟಣ ಹಸಿರೇ ಇತ್ತು. ಅಲ್ಲಿ ಕಸ ಗುಡಿಸುವ ಅ-ಲಾನ್ ಎಷ್ಟೋ ಸಲ ಒರೆಸಿಟ್ಟಿದ್ದಳು. ಹಸಿರು ಅಂತ ಪೇಯುನ್‌ಗೂ ಅವಳೇ ಹೇಳಿದ್ದಳು. ಗೊತ್ತಿದ್ದೂ ಹಳದಿ ಅಂದದ್ದು ಅದು. ಯಾಕೆ ಅಂತ ನಾನು ಕೇಳಿದೆ. "ಅಷ್ಟು ಮಾಡಿದ್ದೆ, ಇದೊಂದು ಯಾಕೆ ಬಿಡ್ಲಿ ಅನ್ನಿಸ್ತು" ಅಂದಳು. ನನ್ನ ಚಿಕ್ಕಪ್ಪನ ಮಗಳು ನೋಡಿ. ರಕ್ತ ಹಂಚಿಕೊಂಡು ಹುಟ್ಟಿದವಳು. ಆ ಮಾತು ಕೇಳಿದಾಗ ಅವಳ ಕೈಯಿಂದ ನನ್ನ ಮಣಿಕಟ್ಟು ಬಿಡಿಸಿಕೊಂಡೆ.

ಎಡಗೈ ಕೆಳಗೆ ಬಿಡಿ. ಹಾಂ.

ಏಳನೇ ತಿಂಗಳು ಬಂತು. ಸತ್ತವರ ಲೋಕದ ಬಾಗಿಲು ತೆರೆದು ಅವರನ್ನೆಲ್ಲ ಹೊರಗೆ ಬಿಡುವ ತಿಂಗಳು. ಆಸ್ಪತ್ರೆಯವರು ನಡುತಿಂಗಳ ಎಡೆಯನ್ನು ಜೋರಾಗಿಯೇ ಇಡುತ್ತಾರೆ, ಅವರಿಗೆ ಬಾಕಿ ಜಾಸ್ತಿ ನೋಡಿ. ಅಂಗಳದ ತುಂಬ ಮೇಜು ಹಾಕಿ, ಹಣ್ಣು, ಸೇವಿಗೆ, ಎಣ್ಣೆ ಡಬ್ಬಿ, ಕುರುಕಲು ಪೊಟ್ಟಣ ಎಲ್ಲ ಜೋಡಿಸಿ, ಒಂದೊಂದಕ್ಕೂ ಒಂದೊಂದು ಊದುಬತ್ತಿ ಚುಚ್ಚಿದ್ದರು. ಬತ್ತಿ ಉರಿದು ಮುಗಿದ ಮೇಲೆ ಕೆಲಸದವರು ಹಂಚಿಕೊಂಡು ತಿನ್ನುವುದು. ತಿಂದರೆ ತಪ್ಪಿಲ್ಲ. ಆದರೆ ಬತ್ತಿ ಚುಚ್ಚಿದ್ದನ್ನು ತಂದು ಮಿಷನ್ ಮೇಲೆ ಯಾರೂ ಇಡುವುದಿಲ್ಲ. ಅದು ಸತ್ತವರು ಒಮ್ಮೆ ಕೈ ಹಾಕಿದ ಪೊಟ್ಟಣ. ಮಿಷನ್ ಯಾರ ಮಾತು ಕೇಳಬೇಕು ಹೇಳಿ?

ಅ-ಲಾನ್ ಒಂದು ಪೊಟ್ಟಣ ತಂದುಕೊಟ್ಟಳು. "ನಿನ್ ಪಾಲು. ತಿನ್ನು, ಮೆತ್ತಗಾಗುತ್ತೆ."

ಪೇಯುನ್ ಬೆರಳಾಡಿಸಿದಳು. ಮೂಲೆಯಲ್ಲಿ ಊದುಬತ್ತಿಯ ತೂತು. ಅಂಚು ಸುಟ್ಟು ಗಟ್ಟಿಯಾಗಿತ್ತು.

"ಬಣ್ಣ ಯಾವುದು?"

"ಹಸಿರು."

ಪೇಯುನ್ ನಕ್ಕು ಅದನ್ನು ಮಿಷನ್ ಮೇಲೆ ಇಟ್ಟಳು. ಆಗ ಅವಳು ಕೂರುತ್ತಿದ್ದದ್ದು ಗ್ವೇಜು ಅಕ್ಕನ ಕುರ್ಚಿಯಲ್ಲೇ. ಅಲ್ಲಿಗೆ ಏಸಿ ಗಾಳಿ ಚೆನ್ನಾಗಿ ಬೀಸುತ್ತಿತ್ತು.

"ಥೂ, ಅದನ್ನ ಅಲ್ಲಿ ಇಡ್ತಾರೇನೇ" ಅಂದಳು ಅ-ಲಾನ್.

"ಯಾಕೆ, ಗ್ವೇಜು ಅಕ್ಕ ಬಂದು ತಿಂತಾರಾ?"

ಅ-ಲಾನ್ ಪೊರಕೆ ಎತ್ತಿಕೊಂಡು ಹೋದಳು.

ರಾತ್ರಿ ಅಲ್ಲ, ನೆನಪಿಡಿ. ನಡುಮಧ್ಯಾಹ್ನ ಕಳೆದು ಸಂಜೆಗೆ ತಿರುಗುವ ಹೊತ್ತು. ನಿಮಗೆ ದೆವ್ವ ಅಂದರೆ ರಾತ್ರಿ ಬೇಕು. ನಮಗೆ ಯಾವ ಹೊತ್ತಾದರೂ ಒಂದೇ, ಅವರಿಗೂ ಹಾಗೇ ಇರಬೇಕು.

ಪೇಯುನ್ ಮೈಕ್ ಮುಚ್ಚಿ, ಲಾಕ್ ಹಾಕಿ, ಟೀ ತರಲು ಎದ್ದಳು. ವಾಪಸ್ಸು ಬರುವಾಗ ಕೋಣೆಯ ಬಾಗಿಲ ಹತ್ತಿರ ಕಾಲು ನಿಂತಿತು. ಒಳಗೆ... ಮೇಜಿನ ಮೇಲೆ... ಉಗುರು.

ಟಕ್ ಟಕ್... ಟಕ್.

"ಯಾರದು?"

ಏಸಿಯ ಗುಂಯ್ ಬಿಟ್ಟರೆ ಏನೂ ಇಲ್ಲ. ಉಸಿರಾಟ ಇಲ್ಲ, ಬಟ್ಟೆಯ ಸರಸರ ಇಲ್ಲ. ಕೋಣೆಯಲ್ಲಿ ಮನುಷ್ಯರಿದ್ದರೆ ನಮಗೆ ತಿಳಿಯದೆ ಇರುವುದಿಲ್ಲ. ಯಾರೂ ಇರಲಿಲ್ಲ. ಕೂತಳು. ಕುರ್ಚಿ ಒದ್ದೆ ಒದ್ದೆ ಅನ್ನಿಸಿತಂತೆ. ಏಸಿ ಸೋರಿರಬೇಕು ಅಂದುಕೊಂಡಳು.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಲಾಕ್ ತೆಗೆದಳು. ರೀಡರ್ ಎಂದಿನ ಹಾಗೆ ದಿನಾಂಕ, ಸಮಯ ಓದಿತು. ಮೈಕ್ ಬಿಚ್ಚುವ ಕೀ ಒತ್ತಿದಳು.

ಏನೂ ಇಲ್ಲ.

ಇನ್ನೊಮ್ಮೆ. ಏನೂ ಇಲ್ಲ. ರೀಡರ್ ಮಾತ್ರ ಪರದೆಯ ಮೇಲಿದ್ದುದನ್ನು ಒಂದೊಂದಾಗಿ ಓದುತ್ತಾ ಹೊರಟಿತು. ಬಾಯಿ ಮುಚ್ಚಿಸಲು ಕಂಟ್ರೋಲ್ ಒತ್ತಿದಳು. ಮುಚ್ಚಲಿಲ್ಲ.

ಪೇಯುನ್ ಮೊದಲು ಹೆದರಲಿಲ್ಲ. ತನ್ನದೇ ವಿದ್ಯೆ ಅಲ್ಲವೇ, ಯಾರೋ ಕಲಿತಿದ್ದಾರೆ ಅಂತ ಸಿಟ್ಟು ಬಂತು. ಲಾಕ್ ಹಾಕಿದಳು, ಮೂಲೆಯ ಕೀ ಒತ್ತಿದಳು, ಲಾಕ್ ತೆಗೆದಳು. ಕೀಗಳು ನಡೆಯಲಿಲ್ಲ. ಮತ್ತೆ ಲಾಕ್, ಮತ್ತೆ ಮೂಲೆಯ ಕೀ, ಮತ್ತೆ ಅದೇ ಕತೆ. ತಾನೇ ಹಾಕುತ್ತಿದ್ದ ಬೀಗ ತನ್ನ ಕೈಗೇ ಬಿಚ್ಚಲಿಲ್ಲ.

ಆಗ ಓದುತ್ತಿದ್ದ ರೀಡರ್ ನಡುವೆಯೇ ನಿಂತಿತು. ಆಮೇಲೆ ಹೇಳಿತು.

"ಒಳಬರುವ ಕರೆ... ಮನೆ."

ಮನೆಯಲ್ಲಿ ಆ ಹೊತ್ತಿಗೆ ಟಾಂಗ್‌ಟಾಂಗ್ ಒಬ್ಬಳೇ ಇರುತ್ತಿದ್ದಳು. ಸ್ಕೂಲಿಂದ ಬಂದು ಬೀಗ ತೆಗೆದು ಒಳಗೆ ಹೋಗಿ ಅಮ್ಮನಿಗೆ ಫೋನ್ ಮಾಡುವುದು ಅವಳ ಪದ್ಧತಿ. ಅಮ್ಮ ಬರುವವರೆಗೆ ಯಾರಿಗೂ ಬಾಗಿಲು ತೆಗೆಯಬಾರದು, ಯಾರ ಜೊತೆಗೂ ಮಾತಾಡಬಾರದು.

ಪೇಯುನ್ ಕರೆ ಎತ್ತುವ ಕೀ ಒತ್ತಿದಳು. ನಡೆಯಲಿಲ್ಲ. ಟ್ರಿಣ್... ಟ್ರಿಣ್... ಮೂರನೆಯ ಸಲಕ್ಕೆ ಕರೆ ತಾನಾಗಿಯೇ ಎತ್ತಿಕೊಂಡಿತು.

"ಅಮ್ಮ?"

ಹಿಂದೆ ದೂರದಲ್ಲಿ ಕಸದ ಗಾಡಿಯ ಹಾಡು. ಅವರ ಗಲ್ಲಿಗೆ ಅದು ಬರುವ ಹೊತ್ತೇ.

"ಹೇಳು ಪುಟ್ಟಿ" ಅಂದಳು ಪೇಯುನ್. ಅಂದ ಮೇಲೆ ನೆನಪಾಯಿತು... ಮೈಕ್ ಮುಚ್ಚಿದೆ.

"ಅಮ್ಮ, ಬಾಗಿಲ ಹತ್ರ ಒಬ್ರು ಅಜ್ಜಿ ಬಂದಿದಾರೆ. ನಿನ್ ಜೊತೆ ಕೆಲಸ ಮಾಡ್ತಿದ್ರಂತೆ. ನಾನು ಬಾಗಿಲು ತೆಗ್ದಿಲ್ಲ. ಜಾಲರಿಯಿಂದ ಮಾತಾಡ್ತಿದೀನಿ. ಅವರ ಕೂದ್ಲೆಲ್ಲ ಒದ್ದೆ."

ಪೇಯುನ್ ಮೈಕ್ ಕೀಯನ್ನು ಒತ್ತಿದಳು, ಒತ್ತಿದಳು, ಗುದ್ದಿದಳು.

"ಕೈಲಿ ಜಾಣಮರಿ ಪೊಟ್ಟಣ ಇದೆ ಅಮ್ಮ. ಮೂಲೇಲಿ ಚಿಕ್ಕ ತೂತಿದೆ. ಅವರಿಗೆ ಕಣ್ಣು ಕಾಣಲ್ವಂತೆ. ಇದು ಯಾವ ಬಣ್ಣ ಹೇಳು ಮರಿ ಅಂತ ಕೇಳ್ತಿದಾರೆ... ಹೇಳ್ಲಾ?"

ಪೇಯುನ್ ಕೈ ತಾನಾಗಿಯೇ ಮಿಷನ್ ಮೇಲೆ ಹೋಯಿತು. ಪೊಟ್ಟಣ ಇರಲಿಲ್ಲ. ಅದಿದ್ದ ಜಾಗ ತಣ್ಣಗೆ ಒದ್ದೆಯಾಗಿತ್ತು.

"ಬೇಡ. ಹೇಳ್ಬೇಡ ಪುಟ್ಟಿ. ಒಳಗೆ ಹೋಗು" ಅಂತ ಅವಳು ಕಿರುಚಿದಳು. ಹೊರಗೆ ವರಾಂಡದಲ್ಲಿದ್ದವರಿಗೆ ಕೇಳಿಸಿತು, ಎದುರು ಕೋಣೆಯ ಓಯಾಂಗ್‌ಗೆ ಕೇಳಿಸಿತು. ಫೋನಿನ ಆ ಕಡೆ ಇದ್ದವಳಿಗೆ ಕೇಳಿಸಲಿಲ್ಲ. ಚೀಲ ತಡಕಾಡಿ ಮೊಬೈಲ್ ತೆಗೆದು ಮನೆಗೆ ಹಚ್ಚಿದಳು. ಲೈನ್ ಬಿಜಿ. ಬಿಜಿ ಇರದೆ ಏನು, ಮಗು ತನ್ನ ಜೊತೆಗೇ ಮಾತಾಡುತ್ತಿದೆಯಲ್ಲ.

"ಅಮ್ಮ? ಮಾತಾಡಮ್ಮ." ಆಮೇಲೆ ಫೋನಿಂದ ಬಾಯಿ ದೂರ ಮಾಡಿ, "ಅಮ್ಮ ಏನೂ ಹೇಳ್ತಿಲ್ಲ ಅಜ್ಜಿ."

ಸ್ವಲ್ಪ ಹೊತ್ತು ಬರೀ ಕಸದ ಗಾಡಿಯ ಹಾಡು.

"ಹಸಿರು, ಅಜ್ಜಿ" ಅಂದಳು ಮಗು. "ಹಸಿರು ಪೊಟ್ಟಣ."

ಹಾಡು ಅರ್ಧಕ್ಕೇ ನಿಂತಿತು.

ಆಮೇಲೆ ಇನ್ನೊಂದು ದನಿ, ಫೋನಿಗೆ ತೀರಾ ಹತ್ತಿರದಿಂದ, ಪಿಸುಮಾತಿನಲ್ಲಿ. ಅದು ಯಾರ ದನಿ ಅಂತ ಪೇಯುನ್‌ಗೆ ಯಾರೂ ಹೇಳಬೇಕಿರಲಿಲ್ಲ.

"ಹಸಿರಾ... ಸರಿ."

ಮತ್ತೆ ಅದೇ ದನಿ.

"ನಿಮ್ಮಮ್ಮ ಕರೀತಿದಾಳೆ ಮರಿ. ಕೇಳಿಸ್ತಿದೆಯಾ?"

"ಇಲ್ಲ ಅಜ್ಜಿ."

"ಸರಿ ಹಾಗಾದ್ರೆ. ಹಾಗೇ ಇರ್ಲಿ."

ಕಟ್.

ಓಯಾಂಗ್ ಓಡಿ ಬಂದ. ಮೌಸ್ ಹಿಡಿದ. ಕ್ಲಿಕ್, ಕ್ಲಿಕ್. ಪೇಯುನ್ ಕಿವಿಯಲ್ಲಿ ರೀಡರ್ ನೆಮ್ಮದಿಯಾಗಿ ಹೇಳಿತು, "ಮೈಕ್ ತೆರೆದಿದೆ."

"ಮಿಷನ್ ಚೆನ್ನಾಗೇ ಇದೆಯಲ್ಲ, ಪೇಯುನ್" ಅಂದ ಅವನು.

ಅವಳು ಟ್ಯಾಕ್ಸಿ ಹಿಡಿದು ಮನೆಗೆ ಹೋದಳು. ದಾರಿಯುದ್ದಕ್ಕೂ ಯಾವ್ಯಾವ ದೇವರಿಗೆ ಹರಕೆ ಹೊತ್ತಳೋ ಅವಳಿಗೇ ನೆನಪಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಂತೇ ಇತ್ತು. ಒಳಗೆ ಪೆನ್ಸಿಲ್ ಕಾಗದದ ಮೇಲೆ ಸರ್‌ಸರ್ ಓಡುತ್ತಿತ್ತು. ಮಗು ಚಿತ್ರ ಬರೆಯುತ್ತಾ ಹಾಡಿಕೊಳ್ಳುತ್ತಿದ್ದಳು. ಪೇಯುನ್ ಅಲ್ಲೇ ಹೊಸ್ತಿಲ ಹೊರಗೆ ಕೂತು ಬಾಗಿಲಿಗೆ ಬಾಯಿ ಹಚ್ಚಿದಳಂತೆ.

"ಟಾಂಗ್‌ಟಾಂಗ್."

ಹಾಡು ನಿಲ್ಲಲಿಲ್ಲ.

"ಟಾಂಗ್‌ಟಾಂಗ್, ಬಾಗಿಲು ತೆಗಿ ಪುಟ್ಟಿ. ಅಮ್ಮ ಬಂದಿದೀನಿ."

ಸರ್‌ಸರ್... ಸರ್‌ಸರ್...

ಕೊನೆಗೆ ಪಕ್ಕದ ಮನೆಯಾಕೆ ಬಂದು ಕೂಗಿದಳು. ಮಗು ಆ ಕ್ಷಣವೇ ಎದ್ದು ಬಂದು ಬಾಗಿಲು ತೆಗೆದಳು. "ಅಮ್ಮ ಬಂದ್ಲಾ ಆಂಟಿ?" ಅಂತ ಕೇಳಿದಳು. ಅಮ್ಮನನ್ನು ನೋಡಿ ನಕ್ಕು ಕಾಲು ತಬ್ಬಿಕೊಂಡಳು. ಅಜ್ಜಿ ಬಂದಿದ್ದರಾ ಅಂತ ಪಕ್ಕದಾಕೆ ಕೇಳಿದರೆ, ಯಾವ ಅಜ್ಜಿ ಅಂದಳು. ಪೊಟ್ಟಣ ಎಲ್ಲೂ ಸಿಗಲಿಲ್ಲ.

ಆ ದಿನದಿಂದ ಹಾಗೇ. ಮಗುವಿಗೆ ಎಲ್ಲ ಕೇಳಿಸುತ್ತದೆ. ಸೊಳ್ಳೆ ಕೇಳಿಸುತ್ತದೆ, ಎರಡು ಬೀದಿ ಆಚೆಯ ಸ್ಕೂಟರ್ ಕೇಳಿಸುತ್ತದೆ. ಅಮ್ಮನ ದನಿ ಒಂದು ಮಾತ್ರ ಇಲ್ಲ. ಅದೇ ಆಸ್ಪತ್ರೆಯಲ್ಲಿ ಕಿವಿ ನೋಡಿದರು, ತಲೆಗೆ ತಂತಿ ಅಂಟಿಸಿ ನೋಡಿದರು. ಕಿವಿ ಚೆನ್ನಾಗಿಯೇ ಇದೆ ಅಂದರು. ಆಟ ಆಡುತ್ತಿದ್ದಾಳೆ, ದೊಡ್ಡವಳಾದಂತೆ ಬಿಡುತ್ತಾಳೆ ಅಂದರು. ಮಗು ಅಮ್ಮನ ಹತ್ತಿರ ಬಂದು ಸ್ಕೂಲಿನ ಕತೆಯೆಲ್ಲ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ. ಅಮ್ಮ ಕೊಟ್ಟ ಉತ್ತರ ಅದಕ್ಕೆ ತಲುಪುವುದಿಲ್ಲ. ಇನ್ನೊಮ್ಮೆ ಕೇಳುತ್ತದೆ. ಆಮೇಲೆ ಬೇಜಾರು ಮಾಡಿಕೊಂಡು ಎದ್ದು ಹೋಗುತ್ತದೆ. ತುಟಿ ನೋಡಿ ಕಲಿಯಲಿ ಅಂತ ಟೀಚರ್ ಒಬ್ಬಳು ಬಂದಳು. ಅಮ್ಮನ ತುಟಿ ಅಲ್ಲಾಡುವುದೇ ಇಲ್ಲವಲ್ಲ ಅಂದಿತಂತೆ ಮಗು.

ಅತ್ತೆ ಬಿಡುತ್ತಾಳೆಯೇ? "ಹೆತ್ತ ತಾಯಿ ಕೂಗಿದ್ರೆ ತಿರುಗಿ ನೋಡಲ್ಲ ಅಂದ್ರೆ ಆ ಮಗೂನ ಇವಳು ಎಷ್ಟು ಹಿಂಸೆ ಮಾಡಿರಬೇಕು" ಅಂದಳು ಕೋರ್ಟಿನಲ್ಲಿ. ಕಾಯಂ ಕೆಲಸದ ಆದೇಶ ಬಂದ ವಾರವೇ ಮಗುವನ್ನು ಅತ್ತೆಗೆ ಒಪ್ಪಿಸಿದರು. ಈಗ ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಅಮ್ಮನ ಜೊತೆ ಬಿಡುತ್ತಾರೆ. ಪೇಯುನ್ ಇನ್ನೂ ಆ ಕುರ್ಚಿಯಲ್ಲೇ ಇದ್ದಾಳೆ. ಆ ದಿನದ ಮೇಲೆ ಕೀ ಒಂದು ಸಲವೂ ಕೈ ಕೊಟ್ಟಿಲ್ಲ. ಮುಟ್ಟಿದರೆ ಸಾಕು, ನಡೆಯುತ್ತದೆ. ಅಷ್ಟು ಜಾಣಮರಿ ಮಿಷನ್ ಇಡೀ ಆಸ್ಪತ್ರೆಯಲ್ಲಿ ಇಲ್ಲ ಅನ್ನುತ್ತಾನಂತೆ ಓಯಾಂಗ್.

ನಂಬಲಿಲ್ಲ ಅಲ್ಲವೇ? ಭುಜ ಬಿಗಿಯಾಯಿತು ನಿಮ್ಮದು, ನನ್ನ ಕೈಗೆ ಗೊತ್ತಾಯಿತು. ನಾನೂ ಪೂರ್ತಿ ನಂಬಿರಲಿಲ್ಲ, ಹೋದ ಭಾನುವಾರದವರೆಗೆ.

ಭಾನುವಾರ ಪೇಯುನ್ ಮಗುವನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದಳು. ಹಾಲುಮೀನಿನ ಗಂಜಿ ತರಿಸಿದ್ದೆ. ಟಾಂಗ್‌ಟಾಂಗ್ ಅಲ್ಲಿ ಬಾಗಿಲ ಹತ್ತಿರ ಮೆಟ್ಟಿಲ ಮೇಲೆ ಕೂತು ಬೆಕ್ಕಿನ ಜೊತೆ ಮಾತಾಡುತ್ತಿದ್ದಳು. ಗಂಜಿ ಆರುತ್ತಿತ್ತು. ಪೇಯುನ್ ಕರೆದಳು. ಮೆಲ್ಲಗೆ ಕರೆದಳು, ಜೋರಾಗಿ ಕರೆದಳು. ನನಗೆ ಕೇಳಿಸಿತು, ಬೆಕ್ಕಿಗೂ ಕೇಳಿಸಿತು, ಅದು ಮಿಯಾಂವ್ ಅಂದಿತು. ಮಗು ಬೆಕ್ಕಿಗೆ ಹೇಳುತ್ತಿದ್ದ ಮಾತನ್ನು ನಿಲ್ಲಿಸಲೇ ಇಲ್ಲ. ನಾನೇ ಕರೆಯೋಣ ಅಂತ ಬಾಯಿ ತೆರೆದೆ. ಪೇಯುನ್ ನನ್ನ ಮೊಣಕೈ ಹಿಡಿದಳು.

"ಬೇಡ ಅಕ್ಕ. ನಾನು ಕರೀತೀನಿ. ನಾನು ಕರೆದ್ರೂ ಬರ್ತಾಳೆ. ಒಂದು ದಾರಿ ಇದೆ" ಅಂದಳು.

ಆಮೇಲೆ ಈ ಮೇಜಿನ ಮೇಲೆ ಉಗುರಿನಿಂದ ಬಡಿದಳು. ಟಕ್ ಟಕ್... ಟಕ್.

ಮೆಟ್ಟಿಲ ಮೇಲೆ ಮಾತು ನಿಂತಿತು. ಚಪ್ಪಲಿ ಸದ್ದು ಮಾಡುತ್ತಾ ಮಗು ಓಡಿ ಬಂದು ಪೇಯುನ್ ಮಡಿಲಿಗೆ ಒರಗಿದಳು.

"ಬಂದೆ, ಗ್ವೇಜು ಅಜ್ಜಿ" ಅಂದಳು.

ಆ ಹೆಸರನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಚಮಚ ಬಟ್ಟಲಿಗೆ ತಾಗಿದ ಸದ್ದು ಬಂತು. ಪೇಯುನ್ ಮಗುವಿಗೆ ಗಂಜಿ ತಿನ್ನಿಸತೊಡಗಿದಳು.

ಸುಳ್ಳು ಹೇಳಿ ನನಗೆ ಬರಬೇಕಾದ್ದೇನೂ ಇಲ್ಲ. ನನ್ನ ಕಿವಿಯಾರೆ ಕೇಳಿದ್ದು. ನೀವೀಗ ಕನ್ನಡಕ ತೆಗೆದಿಟ್ಟಿದ್ದೀರಲ್ಲ... ಅದೇ ಮೇಜು.